ಸಸ್ಯಶಾಸ್ತ್ರಜ್ಞರ ಹಳೆಯ ಪತ್ರಗಳು ಕನ್ನಡಕ್ಕೆ ಬರಲಿ: ದೇಣಿಗೆಗೆ ಮನವಿ

ಸಸ್ಯಪ್ರಿಯ ಬಂಧುಗಳೇ,

ನಾವು ಒಗ್ಗರಣೆಗೆ ಹಾಕುವ ಕರಿಬೇವಿಗೆ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇಟ್ಟ ಹೆಸರು ಬರ್ಗೆರಾ ಕೋನಿಗೀ. ಆತನ ಶಿಷ್ಯ ಯೋಹಾನ್ ಗೆರಾರ್ಡ್ ಕೋನಿಗ್ 1768ರಲ್ಲಿ ವೈದ್ಯನಾಗಿ ತಮಿಳು ಕರಾವಳಿಯ ಡೇನಿಷ್ ನೆಲೆ ತರಂಗಂಬಾಡಿಗೆ ಬಂದವನು. 1785ರಲ್ಲಿ ತೀರಿಕೊಳ್ಳುವಾಗ ತನ್ನ ಕಾಗದಪತ್ರಗಳನ್ನು ಲಂಡನ್ನಿನ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್‌ಗೆ ಬಿಟ್ಟುಹೋದ. 1793ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಹೊಣೆ ಹೊತ್ತ ವಿಲಿಯಂ ರಾಕ್ಸ್‌ಬರ್ಗ್ ಕೂಡ ಬ್ಯಾಂಕ್ಸ್‌ನೊಂದಿಗೆ ಪತ್ರ ವ್ಯವಹಾರ ಇಟ್ಟುಕೊಂಡಿದ್ದ. ಟಿಪ್ಪುವಿನ ಪತನದ ನಂತರ ಲಾಲ್‌ಬಾಗ್ ನೋಡಿಕೊಂಡ ಬೆಂಜಮಿನ್ ಹೈನೆ ಸಂಗ್ರಹಿಸಿದ ಗಿಡಗಳು ಜರ್ಮನಿಯ ಸಸ್ಯಶಾಸ್ತ್ರಜ್ಞ ರೋಥ್‌ನ ಕೈಸೇರಿ, 1821ರಲ್ಲಿ ಅವುಗಳ ವಿವರಣೆ ಅಚ್ಚಾಯಿತು.

ಹೆಸರು ಗುರುತಿಸಲು ಹಾಳೆಗೆ ಅಂಟಿಸಿದ ಒಣ ಗಿಡವೊಂದನ್ನೇ ಯುರೋಪಿಗೆ ಕಳುಹಿಸಿದರೆ ಸಾಲುತ್ತಿರಲಿಲ್ಲ, ಜೊತೆಗೆ ಪತ್ರವೂ ಬೇಕಿತ್ತು. ಲಿನೇಯಸ್‌ನ ವರ್ಗೀಕರಣ ಪದ್ಧತಿ ಮುಖ್ಯವಾಗಿ ಹೂವಿನ ಗಂಡುಭಾಗಗಳಾದ ಕೇಸರಗಳ ಎಣಿಕೆಯ ಮೇಲೆ ನಿಂತಿದೆ. ಕರಿಬೇವಿನ ಹೂವಿನಲ್ಲಿ ಹತ್ತು ಕೇಸರ, ಒಂದು ಉದ್ದ ಒಂದು ಗಿಡ್ಡ ಎಂಬಂತೆ ಸರದಿಯಲ್ಲಿರುತ್ತವೆ. ಒತ್ತಿ ಒಣಗಿಸಿದಾಗ ಕೆಲವು ಉದುರುತ್ತವೆ, ಗಿಡ್ಡವು ಕಣ್ಣು ತಪ್ಪುತ್ತವೆ. ಐದೇ ಎಂದು ಎಣಿಸಿದರೆ ಹತ್ತನೆಯ ವರ್ಗದ ಗಿಡ ಐದನೆಯದಕ್ಕೆ ಹೋಗಿಬಿಡುತ್ತದೆ. ಬಣ್ಣ, ವಾಸನೆ, ಮರದ ಎತ್ತರ ಹಾಳೆಯಲ್ಲಿ ಉಳಿಯುವುದೇ ಇಲ್ಲ. ಹಸಿ ಹೂವನ್ನು ನೋಡಿ ಬರೆದ ಪತ್ರವೇ ಅದಕ್ಕೆ ಆಧಾರ.

ಇಂಥ ಪತ್ರಗಳನ್ನು ಕನ್ನಡಕ್ಕೆ ತಂದು, ಶಾಲೆ ಕಾಲೇಜುಗಳ ಗ್ರಂಥಾಲಯಗಳಿಗೆ ಉಚಿತವಾಗಿ ಕೊಡುವುದು ನಮ್ಮ ಟ್ರಸ್ಟಿನ ಯೋಜನೆ. ಸ್ಕ್ಯಾನ್ ಪ್ರತಿಗಳು ಹಲವು ಕಡೆ ಸಿಗುತ್ತವೆ, ಕಷ್ಟವಿರುವುದು ಓದುವುದರಲ್ಲಿ. ಲ್ಯಾಟಿನ್, ಜರ್ಮನ್, ಇಂಗ್ಲಿಷ್ ಕಲಸಿರುತ್ತವೆ. ಆ ಕಾಲದ ಬರಹದಲ್ಲಿ ಎಸ್ ಅಕ್ಷರ ಎಫ್‌ನಂತೆ ಕಾಣುವುದರಿಂದ ಕಂಪ್ಯೂಟರ್ ಎಡವುತ್ತದೆ, ಊರಿನ ಹೆಸರುಗಳಂತೂ ಗುರುತೇ ಸಿಗದಷ್ಟು ಕೆಡುತ್ತವೆ. ಹಾಗಾಗಿ ಪ್ರತಿ ಪುಟವನ್ನೂ ಇಬ್ಬರು ಬೇರೆಬೇರೆಯಾಗಿ ಓದಿ ಬರೆಯುತ್ತಾರೆ, ಹೊಂದದ ಕಡೆ ಮೂರನೆಯವರು ತೀರ್ಮಾನಿಸುತ್ತಾರೆ.

ಮುಂದಿನದು ಎಲ್ಲಕ್ಕಿಂತ ಸೂಕ್ಷ್ಮ ಕೆಲಸ. ಗಿಡಕ್ಕೊಂದು ಸಂಖ್ಯೆ ಹಾಕಿ ಕಳುಹಿಸುವವರು ಅದೇ ಸಂಖ್ಯೆ ಬರೆದ ಇನ್ನೊಂದು ಮಾದರಿಯನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಿದ್ದರು. '14ನೆಯದು ಇಂಥ ಗಿಡ' ಎಂದು ಯುರೋಪಿನಿಂದ ಉತ್ತರ ಬಂದರೆ, ಆ 14ನ್ನು ಹುಡುಕಿ ಹೆಸರು ಬರೆಯಬೇಕು. ಚೀಟಿ ಅದಲುಬದಲಾದರೆ ತಪ್ಪು ಹೆಸರು ಉದ್ಯಾನದ ಫಲಕದವರೆಗೂ ಬರುತ್ತದೆ. ಆದ್ದರಿಂದ ಪತ್ರದ ಸಂಖ್ಯೆಯನ್ನು ಮಾದರಿ ಹಾಳೆಯ ಚಿತ್ರದೊಂದಿಗೆ ತಾಳೆ ನೋಡದೆ ನಾವು ಯಾವ ಹೆಸರನ್ನೂ ಅಚ್ಚಿಗೆ ಕೊಡುವುದಿಲ್ಲ. ಆಮೇಲೆ ಇಂದಿನ ಹೆಸರು ಸೇರಿಸುತ್ತೇವೆ. ಕರಿಬೇವು ನಡುವೆ ಮುರ್ರಾಯಾ ಆಗಿ, ಈಗ ಅನೇಕರ ಬರಹದಲ್ಲಿ ಮತ್ತೆ ಬರ್ಗೆರಾ ಆಗಿದೆ.

ಒಂದು ಪುಟ ಓದಿಸಿ, ತಾಳೆ ನೋಡಿ, ಅನುವಾದಿಸಲು 1,200 ರೂಪಾಯಿ ಬೇಕು. 6,000 ರೂಪಾಯಿ ಕೊಟ್ಟರೆ ಐದು ಪುಟದ ಒಂದು ಪತ್ರ ಪೂರ್ತಿಯಾಗುತ್ತದೆ. 200 ರೂಪಾಯಿಯೂ ನಮಗೆ ದೊಡ್ಡದೇ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ಟ್ರಸ್ಟಿನ ಹೆಸರಿಗೇ ಇರಲಿ, ರಸೀದಿ ತಪ್ಪದೆ ಪಡೆಯಿರಿ. ಲ್ಯಾಟಿನ್ ಅಥವಾ ಹಳೆಯ ಜರ್ಮನ್ ಕೈಬರಹ ಓದಬಲ್ಲವರು ಹಣದ ಬದಲು ವಾರಕ್ಕೆರಡು ಗಂಟೆ ಕೊಟ್ಟರೂ ಆದೀತು. ದಯವಿಟ್ಟು ಕಚೇರಿಗೆ ತಿಳಿಸಿ.