ಓಲ್ಡ್ ಫೋರ್ಜ್‌ನಲ್ಲಿ ‘ಟ್ರೇ’ ಅಂತಲೇ ಕೇಳು

ಚಿರಂಜೀವಿ ಪುಟ್ಟನಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಅಮೆರಿಕದ ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಸೇರಿ ಇನ್ನೂ ಮೂರು ವಾರ ಆಗಿಲ್ಲ, ಆಗಲೇ ಪಕ್ಕದ ಓಲ್ಡ್ ಫೋರ್ಜ್‌ಗೆ ಹೋಗಿ ಬಂದೆ ಅಂದೆ. ಕೇಳಿ ಖುಷಿಯಾಯಿತು. ಆದರೆ ಅಲ್ಲಿನ ಪಿಜ್ಜಾ ತಿಂದು ‘ಅದು ಪಿಜ್ಜಾನೇ ಅಲ್ಲ ಅತ್ತೆ, ಚೀಸ್ ಹಚ್ಚಿದ ಬ್ರೆಡ್ಡು’ ಅಂದೆಯಲ್ಲ, ಆ ಮಾತು ರಾತ್ರಿಯೆಲ್ಲ ಮನಸ್ಸಿನಲ್ಲಿ ಕೊರೆಯಿತು. ನಾನು ಆ ಕಡೆ ಹನ್ನೊಂದು ವರ್ಷ ಬದುಕಿದವಳು. ಅದಕ್ಕೇ ಈ ಕಾಗದ.

ಅಂಗಡಿಯವರ ಎದುರಿಗೆ ಆ ಮಾತು ಆಡಿಲ್ಲ ತಾನೇ?

ಓಲ್ಡ್ ಫೋರ್ಜ್ ಅಂದರೆ ಎಂಟು ಸಾವಿರ ಚಿಲ್ಲರೆ ಜನರ ಊರು. ಅಷ್ಟು ಸಣ್ಣ ಊರು ತನ್ನನ್ನು ‘ಜಗತ್ತಿನ ಪಿಜ್ಜಾ ರಾಜಧಾನಿ’ ಅಂತ ಕರೆದುಕೊಳ್ಳುತ್ತದೆ. ಜಂಬ ಅಂದುಕೊಳ್ಳಬೇಡ. ಅದು ಕಲ್ಲಿದ್ದಲಿನ ಊರು. ಇಟಲಿಯಿಂದ ಬಂದವರು ಅಲ್ಲಿ ಗಣಿಗೆ ಇಳಿದು ದುಡಿದರು. ಸಂಜೆ ಇಸ್ಪೀಟು ಆಡಲು ಸೇರುತ್ತಿದ್ದ ಗಣಿ ಕೆಲಸಗಾರರಿಗೆ ಘಿಗಿಯಾರೆಲ್ಲಿ ಮನೆಯ ಹೆಂಗಸು ಪಿಜ್ಜಾ ಮಾಡಿ ಬಡಿಸಿದಳು, ಅಲ್ಲಿಂದ ಶುರುವಾಯಿತು ಅಂತ ಊರವರು ಹೇಳುತ್ತಾರೆ. ಅದು 1926ರ ಮಾತು. ದಿನವಿಡೀ ನೆಲದಡಿ ಇದ್ದು ಬಂದವರಿಗೆ ಹೊಟ್ಟೆ ತುಂಬಬೇಕಿತ್ತು. ನೀನು ‘ಬ್ರೆಡ್ಡು’ ಅಂದಿದ್ದು ಅದನ್ನೇ ಕಣೋ.

ಆಮೇಲೆ 1959ರ ಜನವರಿ 22. ಅಲ್ಲಿಂದ ಕೆಲವೇ ಮೈಲಿ ದೂರದ ಪೋರ್ಟ್ ಗ್ರಿಫಿತ್‌ನಲ್ಲಿ ನಾಕ್ಸ್ ಕಂಪನಿಯ ಗಣಿಯ ಮೇಲ್ಛಾವಣಿ ಒಡೆದು ಸಸ್ಕ್ವೆಹಾನಾ ನದಿ ಒಳಗೆ ನುಗ್ಗಿತು. 12 ಜನ ಸತ್ತರು, ಅವರ ಹೆಣಗಳೂ ಸಿಗಲಿಲ್ಲ. ಆ ಕಣಿವೆಯಲ್ಲಿ ನೆಲದಡಿಯ ಗಣಿಗಾರಿಕೆ ಹೆಚ್ಚೂಕಡಿಮೆ ಅಲ್ಲಿಗೇ ನಿಂತಿತು. ಗಣಿ ಹೋಯಿತು, ಗಣಿಯವರ ಊಟ ಉಳಿಯಿತು. ಆ ಊರಿನ ಜನ ಅದನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ ಅಂದರೆ ಅದಕ್ಕೆ ಕಾರಣ ಇದೆ.

ಈಗ ಮಾತಿನ ವಿಷಯ. ಅಲ್ಲಿ ಪಿಜ್ಜಾ ದುಂಡಗಿರುವುದಿಲ್ಲ, ಉದ್ದನೆಯ ತಟ್ಟೆಯಲ್ಲಿ ಬೇಯುತ್ತದೆ. ಇಡೀ ತಟ್ಟೆಗೆ ‘ಟ್ರೇ’, ಒಂದು ತುಂಡಿಗೆ ‘ಕಟ್’. ನಾನು ಮೊದಲ ಸಲ ಹೋದಾಗ ‘ಎರಡು ಸ್ಲೈಸ್ ಕೊಡಿ’ ಅಂದೆ. ಕೌಂಟರಿನ ಹಿಂದಿದ್ದ ಅಜ್ಜಿ ಹಿಟ್ಟಾದ ಕೈಯನ್ನು ಏಪ್ರನ್‌ಗೆ ಒರೆಸಿಕೊಂಡು, ‘ಎರಡು ಕಟ್ ತಾನೇ ಮಗಳೇ?’ ಅಂದರು. ‘ಕೆಂಪಾ, ಬಿಳಿಯಾ?’ ಅಂತ ಇನ್ನೊಂದು ಪ್ರಶ್ನೆ. ನನಗೆ ಎರಡೂ ತಿಳಿಯಲಿಲ್ಲ. ಕೆಂಪು ಅಂದರೆ ಮೇಲೆ ಟೊಮೆಟೊ ಸಾಸ್, ಬಿಳಿ ಅಂದರೆ ಎರಡು ಪದರ ಹಿಟ್ಟಿನ ನಡುವೆ ಚೀಸ್, ಸಾಸ್ ಇಲ್ಲ. ಅವರು ಎರಡರಿಂದಲೂ ಒಂದೊಂದು ಕಟ್ ಕೊಟ್ಟರು. ಬಿಳಿಯದರ ಮೇಲೆ ರೋಸ್‌ಮೇರಿ ಎಲೆ ಇತ್ತು. ತಳ ಗರಿಗರಿ, ಒಳಗೆ ಮೆತ್ತಗೆ, ತುದಿಯಲ್ಲಿ ಚೀಸ್ ಕಂದಾಗಿ ತಟ್ಟೆಗೆ ಅಂಟಿಕೊಂಡಿತ್ತು. ಆ ಅಂಟಿದ ತುದಿಗೇ ಮನೆಗಳಲ್ಲಿ ಜಗಳ ಆಗುತ್ತದೆ.

ನಮ್ಮ ದಾವಣಗೆರೆಯನ್ನೇ ನೆನಪು ಮಾಡಿಕೋ. ಖಾಲಿ ದೋಸೆಗೆ ‘ಎರಡು ಖಾಲಿ’ ಅಂತ ಕೂಗಿದರೆ ಹೊಸಬರು ದೋಸೆ ಮುಗಿದೇ ಹೋಯಿತು ಅಂದುಕೊಳ್ಳುತ್ತಾರೆ. ಬೆಣ್ಣೆ ದೋಸೆ ತಿಂದು ಯಾರಾದರೂ ‘ಇದೇನು ದೋಸೆ, ಬೆಂಗಳೂರಿನ ಮಸಾಲೆ ತಿನ್ನಬೇಕು’ ಅಂದರೆ ನಿಮ್ಮಪ್ಪ ಅವರ ಜೊತೆ ಮತ್ತೆ ಮಾತಾಡಿಯಾರೇ? ನ್ಯೂಯಾರ್ಕಿನ ಪಿಜ್ಜಾ ನ್ಯೂಯಾರ್ಕಿನಲ್ಲಿ ತಿನ್ನು, ಬೇಡ ಅನ್ನಲ್ಲ. ಅದನ್ನು ಅಳತೆಗೋಲು ಮಾಡಿಕೊಂಡು ಓಲ್ಡ್ ಫೋರ್ಜ್‌ಗೆ ಹೋಗಬೇಡ.

ಇನ್ನೊಂದು ಮಾತು. ರೂಮಿಗೆ ತರಿಸಿಕೊಂಡು ಒಬ್ಬನೇ ತಿನ್ನಬೇಡ. ಹೋಗಿ ಕೂತುಕೋ. ಈಸ್ಟರ್‌ಗೆ ಮುಂಚಿನ ಶುಕ್ರವಾರಗಳಲ್ಲಿ ಅಲ್ಲಿನ ಕ್ಯಾಥೋಲಿಕರು ಮಾಂಸ ಮುಟ್ಟುವುದಿಲ್ಲ, ಅವತ್ತು ಪಿಜ್ಜಾ ಅಂಗಡಿಗಳಲ್ಲಿ ಜಾಸ್ತಿ ಜನ. ಸಾಲಿನಲ್ಲಿ ನಿಂತರೆ ಹಿಂದೆ ಮುಂದೆ ಇರುವವರು ತಾವಾಗಿಯೇ ಮಾತಾಡಿಸುತ್ತಾರೆ. ಮಾಂಸ ತಿನ್ನದ ನಿನಗೆ ಆ ದಿನ ಏನನ್ನೂ ವಿವರಿಸುವ ಕಷ್ಟ ಇರಲ್ಲ.

ಈ ಶನಿವಾರ ಬಿಳಿ ಟ್ರೇ ಒಂದು ತಗೋ. ಕೆಳಗಿನ ಮನೆಯ ಅಜ್ಜಿ ಗಣಿಯವರ ಮಗಳು ಅಂದೆಯಲ್ಲ, ಅವರಿಗೆ ತುದಿಯ ಎರಡು ಕಟ್ ಕೊಟ್ಟು ಬಾ. ಕೂರು ಅಂದರೆ ಕೂರು. ಅವರ ಅಪ್ಪ ಯಾವ ಗಣಿಯಲ್ಲಿದ್ದರು ಅಂತ ಕೇಳು. ಅವರು ಹೇಳಿದ್ದನ್ನು ನನಗೆ ಬರೆ.

ನಿನ್ನ ಅತ್ತೆ