ಲೋಹದ ಹೆಸರೊಂದೇ ಬಲದ ಖಾತರಿಯಲ್ಲ

ಮಾನ್ಯ ಸಂಪಾದಕರೇ,

ಲೋಹದ ತ್ರೀ-ಡಿ ಮುದ್ರಣದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಲೇಖನಗಳು ಹೆಚ್ಚಾಗಿ ಆಕಾರದ ಸ್ವಾತಂತ್ರ್ಯ ಮತ್ತು ಸಾಮಗ್ರಿಯ ಉಳಿತಾಯವನ್ನೇ ವರ್ಣಿಸುತ್ತವೆ. ಮುದ್ರಿಸಿದ ಭಾಗ ಎಷ್ಟು ಗಟ್ಟಿ ಎಂಬ ಪ್ರಶ್ನೆಗೆ ‘ಅದು ಟೈಟಾನಿಯಂ’ ಎಂಬ ಒಂದೇ ಮಾತಿನ ಉತ್ತರ ಸಿಗುತ್ತದೆ. ಆದರೆ ಹೆಸರು ತಿಳಿಸುವುದು ಲೋಹದ ಸಂಯೋಜನೆಯನ್ನು ಮಾತ್ರ. ಅದರ ಬಲ ನಿಂತಿರುವುದು ಒಳಗಿನ ಸೂಕ್ಷ್ಮರಚನೆಯ (ಅಂದರೆ ಪುಟ್ಟ ಹರಳುಗಳ ಆಕಾರ, ಜೋಡಣೆಯ) ಮೇಲೆ, ಆ ರಚನೆ ರೂಪುಗೊಳ್ಳುವುದು ತಯಾರಿಕೆಯ ಹೊತ್ತಿನಲ್ಲಿ.

ಶೇ 6ರಷ್ಟು ಅಲ್ಯೂಮಿನಿಯಂ, ಶೇ 4ರಷ್ಟು ವನೇಡಿಯಂ ಬೆರೆತ ಟೈಟಾನಿಯಂ ಮಿಶ್ರಲೋಹವನ್ನೇ ನೋಡೋಣ. ಅದರ ಪುಡಿಯನ್ನು ಹತ್ತಾರು ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಪದರಗಳಾಗಿ ಹರಡಿ ಲೇಸರ್‌ನಿಂದ ಕರಗಿಸುತ್ತಾ ಹೋದಾಗ, ಕರಗಿದ ಪುಟ್ಟ ಮಡು ಸೆಕೆಂಡಿಗೆ ಲಕ್ಷಾಂತರ ಡಿಗ್ರಿಯವರೆಗಿನ ದರದಲ್ಲಿ ತಣಿಯಬಲ್ಲದು. ಅಷ್ಟು ವೇಗದಲ್ಲಿ ತಣಿದ ಲೋಹದಲ್ಲಿ ಸೂಜಿಯಾಕಾರದ ಮಾರ್ಟೆನ್‌ಸೈಟ್ ಎಂಬ ಗಡಸು ಹರಳುರಚನೆ ಮೂಡುವುದರಿಂದ ಬಲ ಸಾಮಾನ್ಯವಾಗಿ 1000 ಮೆಗಾಪಾಸ್ಕಲ್ ದಾಟುತ್ತದೆ, ಆದರೆ ಮುರಿಯುವ ಮುನ್ನ ಹಿಗ್ಗುವ ಗುಣ ಕುಗ್ಗುತ್ತದೆ. ಅದೇ ಮಿಶ್ರಲೋಹವನ್ನು ನಿರ್ವಾತದಲ್ಲಿ, ನೂರಾರು ಡಿಗ್ರಿಗೆ ಕಾಯಿಸಿಟ್ಟ ಪುಡಿಯ ಹಾಸಿನಲ್ಲಿ ಎಲೆಕ್ಟ್ರಾನ್ ಕಿರಣದಿಂದ ಕರಗಿಸಿದರೆ ರಚನೆಯೂ ಬೇರೆ, ಒಳಗೆ ಉಳಿಯುವ ಒತ್ತಡವೂ ಬಹಳ ಕಡಿಮೆ.

ಇನ್ನು ದಿಕ್ಕಿನ ಪ್ರಶ್ನೆ. ಪದರಗಳ ನಡುವೆ ಸರಿಯಾಗಿ ಬೆಸೆಯದೆ ಉಳಿದ ರಂಧ್ರಗಳು ಚಪ್ಪಟೆಯಾಗಿ, ಚೂಪಾದ ಅಂಚುಗಳೊಂದಿಗೆ ಮಲಗಿರುತ್ತವೆ. ಪದರಗಳನ್ನು ಒಂದರಿಂದೊಂದು ಬೇರ್ಪಡಿಸುವ ದಿಕ್ಕಿನಲ್ಲಿ ಎಳೆತ ಬಿದ್ದಾಗ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಅನಿಲ ಸಿಕ್ಕಿಕೊಂಡು ಉಂಟಾದ ದುಂಡನೆಯ ರಂಧ್ರಗಳು ಅಷ್ಟು ಅಪಾಯಕಾರಿಯಲ್ಲ. ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾವಿರ ವಾತಾವರಣದಷ್ಟು ಆರ್ಗಾನ್ ಒತ್ತಡ ಹಾಕಿ ಒಳಗಿನ ರಂಧ್ರಗಳನ್ನು ಮುಚ್ಚಬಹುದು, ಹಿಗ್ಗುವ ಗುಣವನ್ನೂ ಮರಳಿ ಪಡೆಯಬಹುದು. ಅದಕ್ಕೆ ತೆರುವ ಬೆಲೆ ಸ್ವಲ್ಪ ಬಲ. ಮೇಲ್ಮೈಗೆ ತೆರೆದುಕೊಂಡ ರಂಧ್ರಗಳೂ ಒರಟುತನವೂ ಮಾತ್ರ ಇದರಿಂದ ಹೋಗುವುದಿಲ್ಲ. ಪದೇ ಪದೇ ಭಾರ ಹೊರುವ ಭಾಗಗಳು ಬಹುಪಾಲು ಮೇಲ್ಮೈಯಿಂದಲೇ ಸೀಳುವುದರಿಂದ ಇದು ಸಣ್ಣ ಮಾತಲ್ಲ.

ಲೇಪನದ ವಿಷಯದಲ್ಲಿ ತಪ್ಪು ತಿಳಿವಳಿಕೆ ಇನ್ನೂ ಆಳವಾಗಿದೆ ಎನ್ನಬೇಕು. ಅದನ್ನು ಉಕ್ಕಿಗೆ ತೊಡಿಸಿದ ಅಂಗಿಯಂತೆ ಕಾಣುವವರೇ ಹೆಚ್ಚು. ಗಟ್ಟಿ ಕ್ರೋಮಿಯಂ ಲೇಪನ ಸವೆತವನ್ನು ತಡೆಯುತ್ತದೆ, ನಿಜ. ಆದರೆ ಆ ಪದರದಲ್ಲಿ ಹುಟ್ಟಿನಿಂದಲೇ ಸೂಕ್ಷ್ಮ ಬಿರುಕುಗಳ ಜಾಲವೂ ಎಳೆತದ ಒತ್ತಡವೂ ಇರುವುದರಿಂದ ಕೆಳಗಿನ ಉಕ್ಕು ದಣಿವಿಗೆ (ಪದೇ ಪದೇ ಭಾರ ಬಿದ್ದು ಸೀಳುವುದಕ್ಕೆ) ಬೇಗ ತುತ್ತಾಗುತ್ತದೆ. ವಿದ್ಯುಲ್ಲೇಪನದ ವೇಳೆ ಹುಟ್ಟುವ ಹೈಡ್ರೋಜನ್ ಬಲಿಷ್ಠ ಉಕ್ಕಿನೊಳಗೆ ಇಳಿದು ಅದನ್ನು ಪೆಡಸಾಗಿಸುತ್ತದೆ. ಅದಕ್ಕೆಂದೇ ಲೇಪಿಸಿದ ಕೆಲವೇ ಗಂಟೆಗಳೊಳಗೆ ಭಾಗವನ್ನು ಸುಮಾರು 200 ಡಿಗ್ರಿಯಲ್ಲಿ ದೀರ್ಘಕಾಲ ಕಾಯಿಸಬೇಕಾಗುತ್ತದೆ. ನೈಟ್ರೈಡಿಂಗ್ ಇದಕ್ಕೆ ತದ್ವಿರುದ್ಧ: ಉಕ್ಕಿನೊಳಗೆ ಹರಡುವ ನೈಟ್ರೋಜನ್ ಮೇಲ್ಮೈಯನ್ನು ಅದುಮಿಟ್ಟ ಸ್ಥಿತಿಗೆ ತಂದು ಬಿರುಕನ್ನು ತಡೆಯುತ್ತದೆ (ಕಟ್ಟುನಿಟ್ಟಾಗಿ ಹೇಳಿದರೆ ಇದು ಲೇಪನವಲ್ಲ, ಮೇಲ್ಮೈಯನ್ನೇ ಮಾರ್ಪಡಿಸುವ ವಿಧಾನ).

ಗ್ಯಾಸ್ ಟರ್ಬೈನಿನ ಅಲಗುಗಳಿಗೆ ಬಳಿಯುವ ಜಿರ್ಕೋನಿಯಾ ಎಂಬ ಶಾಖ ತಡೆಯುವ ಸೆರಾಮಿಕ್‌ನ ಕಥೆಯೂ ಇದೇ. ಪ್ಲಾಸ್ಮಾದಿಂದ ಸಿಂಪಡಿಸಿದರೆ ಅದು ಚಪ್ಪಟೆ ಹನಿಗಳು ಒಂದರ ಮೇಲೊಂದು ಕುಳಿತ ಪದರವಾಗುತ್ತದೆ. ನಡುವಿನ ಸಂದುಗಳು ಶಾಖವನ್ನು ಚೆನ್ನಾಗಿ ತಡೆಯುತ್ತವೆ. ಎಲೆಕ್ಟ್ರಾನ್ ಕಿರಣದಿಂದ ಆವಿಯಾಗಿಸಿ ಕೂರಿಸಿದರೆ ನೆಟ್ಟಗೆ ನಿಂತ ಕಂಬಗಳಾಗಿ ಬೆಳೆಯುತ್ತದೆ. ಕೆಳಗಿನ ಲೋಹ ಹಿಗ್ಗಿದಾಗ ಕಂಬಗಳು ದೂರ ಸರಿದು ಲೇಪನ ಕಳಚದಂತೆ ಕಾಯುತ್ತವೆ, ಆದರೆ ಶಾಖ ತಡೆಯುವುದರಲ್ಲಿ ಇದು ಸ್ವಲ್ಪ ಹಿಂದೆ.

ಹೀಗಿರುವಾಗ, ಮುಂದೆ ಇಂಥ ಲೇಖನಗಳಲ್ಲಿ ಬಲದ ಅಂಕಿಯನ್ನು ಕೊಡುವಾಗ ಅದನ್ನು ಯಾವ ದಿಕ್ಕಿನಲ್ಲಿ ಅಳೆದದ್ದು, ಶಾಖೋಪಚಾರಕ್ಕೆ ಮೊದಲೋ ನಂತರವೋ ಎಂಬುದನ್ನೂ, ಲೇಪಿತ ಭಾಗಗಳಾದರೆ ದಣಿವಿನ ಪರೀಕ್ಷೆಯ ಫಲಿತಾಂಶವನ್ನೂ ಕೇಳಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಒಬ್ಬ ಓದುಗ