ಧೂಳಿಗೆ ಟಾರ್ಪಾಲು ಮದ್ದಲ್ಲ

ಮಾನ್ಯ ಸಂಪಾದಕರೇ,

ಗೂಡ್ಸ್ ಶೆಡ್ ಸುತ್ತ ಸಿಮೆಂಟ್ ಧೂಳು ಎದ್ದಾಗಲೆಲ್ಲ ‘ವ್ಯಾಗನ್‌ಗಳಿಗೆ ಟಾರ್ಪಾಲು ಹೊದಿಸಿ’ ಎಂಬ ಸಲಹೆ ಕೇಳಿಬರುತ್ತದೆ. ಅದಿರು, ಕಲ್ಲಿದ್ದಲು ಸಾಗಿಸುವ ತೆರೆದ ಬಾಕ್ಸ್‌ಎನ್ ವ್ಯಾಗನ್ನಿಗೆ ಆ ಮಾತು ಸರಿ. ಚೀಲದ ಸಿಮೆಂಟ್ ಬರುವುದೇ ಮುಚ್ಚಿದ ಬಿಸಿಎನ್ ವ್ಯಾಗನ್ನಿನಲ್ಲಿ. ಅಲ್ಲಿ ಧೂಳು ಏಳುವುದು ಇಳಿಸುವಾಗ. ಒಂದು ವ್ಯಾಗನ್ನಿಗೆ 60 ಟನ್ ಎಂದು ಹಿಡಿದರೆ 50 ಕೆ.ಜಿ.ಯ 1,200 ಚೀಲ. ಕೊಕ್ಕೆ ಹಾಕಿ ಎಳೆಯುವಾಗ ಚೀಲಕ್ಕೆ ಬರೀ 100 ಗ್ರಾಂ ಸೋರಿದರೂ 120 ಕೆ.ಜಿ. ಪುಡಿ ಹಮಾಲಿಗಳ ಮೂಗು, ಅಕ್ಕಪಕ್ಕದ ಮನೆ, ಹಳಿಯ ಜಲ್ಲಿ ಸೇರುತ್ತದೆ. ಜಲ್ಲಿಯ ಸಂದಿಗೆ ಇಳಿದದ್ದು ಮಳೆನೀರು ಬಸಿಯಲು ಬಿಡುವುದಿಲ್ಲ; ಅದು ರೈಲ್ವೆಯವರ ಬೇರೆಯದೇ ತಲೆನೋವು.

ಪುಡಿಗೆಂದೇ ವ್ಯಾಗನ್‌ಗಳಿವೆ. ಅಲ್ಯುಮಿನಿಯಂ ತಯಾರಿಸುವ ಪುಡಿಯಾದ ಅಲ್ಯುಮಿನಾಕ್ಕೆ ಬಿಟಿಎಪಿ, ಹಾರುಬೂದಿ (ಕಲ್ಲಿದ್ದಲು ಉರಿದಾಗ ಉಳಿಯುವ ನುಣ್ಣನೆಯ ಬೂದಿ) ಮತ್ತು ಚೀಲಕ್ಕೆ ತುಂಬದ ಬಿಡಿ ಸಿಮೆಂಟಿಗೆ ಬಿಸಿಎಫ್‌ಸಿ. ತುಂಬುವುದು ಮೇಲಿನಿಂದ. ಖಾಲಿ ಮಾಡುವಾಗ ತಳದಲ್ಲಿರುವ ಗಾಳಿಯಾಡುವ ಪದರದ ಅಡಿಯಿಂದ ಕಂಪ್ರೆಸರ್ ಗಾಳಿ ಬಿಟ್ಟರೆ ಪುಡಿ ಸಡಿಲಗೊಂಡು ನೀರಿನಂತೆ ಹರಿದು, ಪೈಪಿನ ಮೂಲಕ ಸೈಲೋ, ಅಂದರೆ ಪುಡಿ ಶೇಖರಿಸುವ ಎತ್ತರದ ಕಣಜ, ಸೇರುತ್ತದೆ.

ವ್ಯಾಗನ್ ತರಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ರಾಯಚೂರು ಬಳಿಯ ಶಕ್ತಿನಗರದ ವಿದ್ಯುತ್ ಸ್ಥಾವರದಿಂದ ಹೊರಟ ಬೂದಿ ಮೈಸೂರು ಮುಟ್ಟುವಷ್ಟರಲ್ಲಿ ಕುಲುಕಾಟಕ್ಕೆ ಗಟ್ಟಿಯಾಗಿ ಕೂತಿರುತ್ತದೆ. ಬಂದೊಡನೆ ವಾಲ್ವ್ ತೆಗೆದರೆ ಪೈಪು ಕಟ್ಟಿಕೊಂಡೀತು. ಮೊದಲು ಖಾಲಿ ಪೈಪಿನಲ್ಲಿ ಗಾಳಿ ಹಾಯಿಸಬೇಕು, ಆಮೇಲೆ ವ್ಯಾಗನ್ನಿನ ಟ್ಯಾಂಕಿಗೆ ಒತ್ತಡ ತುಂಬಿ ಪುಡಿಯನ್ನು ಸಡಿಲಿಸಬೇಕು, ವಾಲ್ವ್ ಕೊನೆಗೆ, ಅದೂ ನಿಧಾನವಾಗಿ. ಇಳಿಸಿ ಮುಗಿದರೂ ಪೈಪು ಪೂರ್ತಿ ತೆರವಾಗುವವರೆಗೆ ಗಾಳಿ ನಿಲ್ಲಿಸಬಾರದು.

ಹೆಚ್ಚು ಕಾಡುವುದು ತೇವ. ಮಳೆಗಾಲದಲ್ಲಿ ಕಂಪ್ರೆಸರ್ ಎಳೆದುಕೊಳ್ಳುವ ಗಾಳಿಯಲ್ಲೇ ನೀರಿರುತ್ತದೆ. ಗಾಳಿಯನ್ನು ತಣಿಸಿ ನೀರು, ಎಣ್ಣೆ ಬೇರ್ಪಡಿಸದಿದ್ದರೆ ತಳದ ಪದರದ ರಂಧ್ರಗಳು ಮುಚ್ಚಿ ಟ್ಯಾಂಕಿನ ಒಂದು ಮೂಲೆಯ ಪುಡಿ ಅಲ್ಲೇ ಉಳಿಯುತ್ತದೆ. ಹಾಗೆ 2 ಟನ್ ಉಳಿದ ವ್ಯಾಗನ್ನಿಗೆ ಮುಂದಿನ ಸಲ ಲೆಕ್ಕದಷ್ಟೇ ತುಂಬಿದರೂ ತೂಕ ಮೀರುತ್ತದೆ. ಮ್ಯಾನ್‌ಹೋಲ್ ಮುಚ್ಚಳದ ಗ್ಯಾಸ್ಕೆಟ್ (ಸಂದಿ ಮುಚ್ಚುವ ಪಟ್ಟಿ) ಹರಿದಿದ್ದರೂ ಮಳೆನೀರು ಇಳಿದು ಇದೇ ಗತಿ. ಇನ್ನು ಪೈಪಿನ ತಿರುವು. ಬೂದಿಯ ಕಣಗಳು ಉಜ್ಜಿ ಹೊರಮಗ್ಗುಲನ್ನು ಸವೆಸುವುದರಿಂದ ಕಡಿದಾದ ಬೆಂಡು ಬೇಡ, ಉದ್ದನೆಯ ಬಾಗು ಇರಲಿ. ಸೈಲೋ ತಲೆಯ ಮೇಲೆ ಧೂಳು ಹಿಡಿಯುವ ಚೀಲದ ಫಿಲ್ಟರ್ ಕಟ್ಟಿಕೊಂಡರೆ ಒಳಗಿನ ಗಾಳಿ ಸುರಕ್ಷತಾ ವಾಲ್ವ್ ಎತ್ತಿ, ಬೂದಿಯ ಸಮೇತ ಹೊರನುಗ್ಗುತ್ತದೆ. ಆಗ ಜನ ಬೈಯುವುದು ಮಾತ್ರ ವ್ಯಾಗನ್ನನ್ನೇ!

ನಮ್ಮ ಮಾರ್ಗದ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತದೆ. ಸರಕು ಇಳಿಸುವ ಪಕ್ಕದ ಹಳಿಯ (ಸೈಡಿಂಗ್) ಮೇಲೂ ತಂತಿ ಎಳೆದಿದ್ದರೆ ವಿದ್ಯುತ್ ಕಡಿದು, ಅರ್ಥಿಂಗ್ ಮಾಡಿದ ಹೊರತು ಯಾರೂ ವ್ಯಾಗನ್ ಮೇಲೆ ಹತ್ತಕೂಡದು. ಒತ್ತಡ ಸೊನ್ನೆಗಿಳಿಯುವ ಮುನ್ನ ಮ್ಯಾನ್‌ಹೋಲಿನ ಬೋಲ್ಟ್ ಮುಟ್ಟಲೂಬಾರದು.

ಕಡಕೊಳದ ಕಡೆಯಾಗಲಿ ಮಂಡ್ಯದ ಕಡೆಯಾಗಲಿ ಇಂಥ ಸೈಡಿಂಗ್ ಯೋಜಿಸುವವರು ಮೊದಲು ಸೈಲೋ ಅಳತೆ ನೋಡಲಿ. 60 ಟನ್ನಿನ 40 ವ್ಯಾಗನ್ ಎಂದರೆ 2,400 ಟನ್. ಘನ ಮೀಟರಿಗೆ 0.8 ಟನ್ ತೂಗುವ ಬೂದಿಗೆ 3,000 ಘನ ಮೀಟರ್ ಜಾಗ ಬೇಕು. ಬೂದಿಗಿಂತ ಭಾರವಾದ ಸಿಮೆಂಟಿನ ಲೆಕ್ಕದಲ್ಲಿ ಕಟ್ಟಿದ ಸೈಲೋಗೆ ಅಷ್ಟು ತೂಕದ ಬೂದಿ ಹಿಡಿಯದು. ಅರ್ಧ ರೇಕ್ (ವ್ಯಾಗನ್‌ಗಳ ಸಾಲು) ಖಾಲಿಯಾಗದೆ ನಿಂತರೆ, ತಡವಾದದ್ದಕ್ಕೆ ಡೆಮರೇಜ್ ದಂಡ ತೆರುವವರು ಮರುದಿನವೇ ಚೀಲ, ಕೊಕ್ಕೆಗೆ ಮರಳುತ್ತಾರೆ.

– ರೈಲ್ವೆ ಗೂಡ್ಸ್ ವಿಭಾಗದ ನಿವೃತ್ತ ನೌಕರ, ಮೈಸೂರು